ಏರಿಯಲ್ಲಿನ ಇನ್ನರ್ಧ ನೆಲದಲ್ಲಿದೆ

2018ರ ಆಗಸ್ಟ್ ತಿಂಗಳಿನಲ್ಲಿ ಕೊಡಗಿನ ಗುಡ್ಡಗಳು ಜರಿದು ರಸ್ತೆ, ಕರೆಂಟು, ಫೋನು ಎಲ್ಲವೂ ಒಟ್ಟಿಗೆ ಕಡಿದುಹೋದದ್ದನ್ನು ನಮ್ಮ ಬೆಳೆಗಾರ ಬಾಂಧವರು ಮರೆತಿರಲಾರರು. ಅಂಥ ಹೊತ್ತಿನಲ್ಲಿ ಕಾರಿನ ಬ್ಯಾಟರಿಯಿಂದ ನಡೆಯುವ ಹವ್ಯಾಸಿ ರೇಡಿಯೋ, ಅಂದರೆ ಹ್ಯಾಮ್ ರೇಡಿಯೋ, ಹೊರಗಿನವರಿಗೆ ಸುದ್ದಿ ಮುಟ್ಟಿಸಬಲ್ಲದು. 2004ರ ಡಿಸೆಂಬರ್ 26ರ ಸುನಾಮಿಯ ನಂತರ ಪೋರ್ಟ್ ಬ್ಲೇರ್‌ನಿಂದ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಮಾಡಿದ್ದು ಇದೇ ಕೆಲಸವನ್ನು. ಇದಕ್ಕೆ ಕೇಂದ್ರ ಸರಕಾರದ ಪರವಾನಗಿ ಬೇಕು, ಪರೀಕ್ಷೆ ಪಾಸಾಗಬೇಕು. ಅದಾದ ಮೇಲೆ ತೋಟದ ಮನೆಯಲ್ಲಿ ಏರಿಯಲ್ ನಿಲ್ಲಿಸುವವರಿಗೆ ಎದುರಾಗುವುದು ಮಣ್ಣಿನ ಪ್ರಶ್ನೆ. ಅದನ್ನೇ ಇಲ್ಲಿ ವಿವರಿಸಬಯಸುತ್ತೇವೆ.

7 ಮೆಗಾಹರ್ಟ್ಸ್‌ನ ಪಟ್ಟಿಗೆ ನೇರವಾಗಿ ನೆಟ್ಟ ಏರಿಯಲ್ ಎಂದರೆ ಸುಮಾರು 10 ಮೀಟರ್ ಎತ್ತರದ ಒಂದು ಕೊಳವೆ ಅಥವಾ ತಂತಿ. ಇದು ಏರಿಯಲ್ಲಿನ ಅರ್ಧ ಭಾಗ ಮಾತ್ರ. ಕಂಬದಲ್ಲಿ ಹರಿಯುವ ವಿದ್ಯುತ್ತು ಸುತ್ತಲಿನ ನೆಲದ ಮೂಲಕ ಬುಡಕ್ಕೆ ಹಿಂತಿರುಗಲೇಬೇಕು. ನೆಲ ಒಳ್ಳೆಯ ವಾಹಕವಾದರೆ ಸುಲಭವಾಗಿ ಹಿಂತಿರುಗುತ್ತದೆ. ಇಲ್ಲವಾದರೆ ದಾರಿಯಲ್ಲೇ ಶಾಖವಾಗಿ ಕಳೆದುಹೋಗುತ್ತದೆ.

ನಮ್ಮ ಮಲೆನಾಡಿನ ಕೆಂಪು ಮಣ್ಣು, ಜಂಬಿಟ್ಟಿಗೆ ನೆಲ ಈ ದೃಷ್ಟಿಯಿಂದ ಅಷ್ಟು ಒಳ್ಳೆಯದಲ್ಲ. ಮಳೆ ಧಾರಾಳವಾಗಿದೆಯಲ್ಲ ಎಂದು ತಾವು ಕೇಳಬಹುದು. ಬರೀ ನೀರು ಒಳ್ಳೆಯ ವಾಹಕವಲ್ಲ, ಅದರಲ್ಲಿ ಕರಗಿದ ಲವಣ ವಾಹಕ. ಆ ಲವಣಗಳನ್ನು ಮಳೆಯೇ ತೊಳೆದುಕೊಂಡು ಹೋಗಿರುತ್ತದೆ. ನಾವು ತೋಟಕ್ಕೆ ಸುಣ್ಣ ಹಾಕಬೇಕಾಗಿ ಬಂದಿರುವುದೂ ಇದೇ ತೊಳೆತದಿಂದ. ಮಣ್ಣು ಪರೀಕ್ಷೆಯ ವರದಿಯಲ್ಲಿ ರಸಸಾರದ ಪಕ್ಕದಲ್ಲೇ ವಿದ್ಯುತ್ ವಾಹಕತೆಯ ಅಂಕಿ ಇರುತ್ತದೆ, ನಾವು ಅದನ್ನು ನೋಡದೆ ಕಾಗದ ಮಡಚಿಡುತ್ತೇವೆ. ಅದು ಪ್ರಯೋಗಾಲಯದಲ್ಲಿ ಮಣ್ಣನ್ನು ನೀರಿನಲ್ಲಿ ಕದಡಿ ಅಳೆದದ್ದಾದ್ದರಿಂದ ರೇಡಿಯೋ ಲೆಕ್ಕಕ್ಕೆ ನೇರವಾಗಿ ಬಾರದು. ಆದರೂ ಮಣ್ಣಿನ ಗುಣದ ಒಂದು ಅಂದಾಜು ಕೊಡುತ್ತದೆ.

ಕಂಬ ಅಲೆಗಳನ್ನು ಹೊರಸೂಸುವ ಕೆಲಸಕ್ಕೆ ಲೆಕ್ಕದಲ್ಲಿ ಸುಮಾರು 36 ಓಮ್ ಇದೆ ಎನ್ನೋಣ. ನೆಲದ ನಷ್ಟವೂ 36 ಓಮ್ ಆದರೆ, ಕಳಿಸಿದ 100 ವಾಟ್‌ನಲ್ಲಿ 50 ವಾಟ್ ಎರೆಹುಳುಗಳ ಪಾಲು. ಹೊಸಬರನ್ನು ದಾರಿ ತಪ್ಪಿಸುವ ಸಂಗತಿ ಇನ್ನೊಂದಿದೆ. ನೆಲದ ನಷ್ಟ 14 ಓಮ್ ಇದ್ದರೆ ಒಟ್ಟು 50 ಆಗಿ, ಎಸ್‌ಡಬ್ಲ್ಯುಆರ್ ಮೀಟರು ಒಂದಕ್ಕೆ ಒಂದು ಎಂದು ತೋರಿಸುತ್ತದೆ. ನೆಲವನ್ನು ಸುಧಾರಿಸಿದಂತೆ ಅದೇ ಮೀಟರು 1.4ರ ಹತ್ತಿರಕ್ಕೆ ಏರುತ್ತದೆ! ಕೆಟ್ಟುಹೋಯಿತೆಂದು ತಂತಿ ಕಿತ್ತುಹಾಕಬಾರದು, ಕೆಲಸ ಉತ್ತಮವಾಗಿರುವುದು ಆಗಲೇ.

ಸುಧಾರಣೆ ಎಂದರೆ ಕಂಬದ ಬುಡದಿಂದ ಗಾಡಿಚಕ್ರದ ಅರಗಳಂತೆ ಸುತ್ತಲೂ ತಂತಿ ಹಾಸುವುದು. ಅಮೆರಿಕದಲ್ಲಿ ಬ್ರೌನ್, ಲೂಯಿಸ್, ಎಪ್ಸ್‌ಟೈನ್ ಎಂಬ ಮೂವರು 1937ರಲ್ಲಿ ಪ್ರಕಟಿಸಿದ ಅಳತೆಗಳ ನಂತರ ಮೀಡಿಯಂ ವೇವ್ ಪ್ರಸಾರ ಕೇಂದ್ರಗಳ ಕಂಬಗಳ ಸುತ್ತ 120 ತಂತಿ ಹೂಳುವುದು ರೂಢಿಗೆ ಬಂತು. ನಮಗೆ ಅಷ್ಟು ಬೇಡ. ಕೈಯಲ್ಲಿ 80 ಮೀಟರ್ ತಂತಿಯಿದ್ದರೆ 10 ಮೀಟರಿನ 8 ತುಂಡುಗಳಿಗಿಂತ 5 ಮೀಟರಿನ 16 ತುಂಡುಗಳು ಲೇಸು. ನಷ್ಟ ಹೆಚ್ಚಾಗಿ ಆಗುವುದು ಬುಡದ ಹತ್ತಿರವೇ. ಆದರೆ ಕಾಫಿ ಗಿಡಗಳ ನಡುವೆ ಹೂತ ತಂತಿ ಮುಂದಿನ ಅಗೆತದಲ್ಲಿ ಗುದ್ದಲಿಗೆ ಸಿಗದೆ ಇರುತ್ತದೆಯೇ? ಅದಕ್ಕಾಗಿ ಕಂಬದ ಬುಡವನ್ನೇ ಆಳಿನ ತಲೆಗಿಂತ ಎತ್ತರಕ್ಕೆ ಏರಿಸಿ, ಅಲ್ಲಿಂದ 10 ಮೀಟರಿನ 4 ತಂತಿಗಳನ್ನು ನಾಲ್ಕು ದಿಕ್ಕಿಗೆ ಬಿಗಿದು ಕಟ್ಟುವುದು ನಮಗೆ ಹೆಚ್ಚು ಒಗ್ಗುವ ವಿಧಾನವೆಂದು ತೋರುತ್ತದೆ. ಹೀಗೆ ಎತ್ತರಿಸಿದ ನಾಲ್ಕು ತಂತಿ, ನೆಲದ ಮೇಲೆ ಹಾಸಿದ ಹತ್ತಾರು ತಂತಿಗಳಿಗೆ ಸಮನಾಗಬಲ್ಲದು. ರೇಡಿಯೋ ಕಳಿಸುವಾಗ ಈ ತಂತಿಗಳ ತುದಿಯನ್ನು ಯಾರೂ ಮುಟ್ಟಕೂಡದು.

ಪಂಪ್‌ಸೆಟ್ಟಿನ ಹಾಗೆ ಉಪ್ಪು, ಇದ್ದಿಲು ತುಂಬಿ ಅರ್ತಿಂಗ್ ಗುಂಡಿ ತೋಡಿದರೆ ಸಾಲದೇ ಎನ್ನುವವರಿದ್ದಾರೆ. ಸಿಡಿಲಿನ ರಕ್ಷಣೆಗೆ ಅರ್ತಿಂಗ್ ಅವಶ್ಯ, ಅದನ್ನು ಬಿಡಬಾರದು. ಆದರೆ ಅದು ತಂತಿಗಳ ಬದಲಿಯಲ್ಲ: ರೇಡಿಯೋ ವಿದ್ಯುತ್ತು ಮೇಲುಮಣ್ಣಿನಲ್ಲಿ ಸುತ್ತಲೂ ಹರಡಿಕೊಂಡು ಬರುತ್ತದೆ, ಒಂದು ಗುಂಡಿಗೆ ಅದೆಲ್ಲ ಸಿಕ್ಕುವುದಿಲ್ಲ. ಕಂಬ ಮಗುಚಿದರೂ ಕರೆಂಟಿನ ಲೈನಿಗೆ ತಾಗದಷ್ಟು ದೂರವಿರಲಿ. ಅಡಿಕೆ ದೋಟಿಯಿಂದ ಆಗುವ ಅನಾಹುತಗಳನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಂತಿ ಹಾಸಿ ಸರಿಪಡಿಸಲಾಗದ್ದು ದೂರದ ನೆಲ. ನೂರಾರು ಮೀಟರ್ ಆಚೆಯ ನೆಲಕ್ಕೆ ತಾಗಿ ಪುಟಿಯುವ ಅಲೆಯೇ ದೂರದೇಶಕ್ಕೆ ಹೋಗುವಂಥದು. ಸಮುದ್ರದ ನೀರು ಸಾಧಾರಣ ಮಣ್ಣಿಗಿಂತ ಸುಮಾರು 1000 ಪಟ್ಟು ಒಳ್ಳೆಯ ವಾಹಕ. ಅದೇ ಕಂಬ ಕಾರವಾರದ ಕಡಲಂಚಿನಲ್ಲಿ ಮಾಡುವ ಕೆಲಸವನ್ನು ಘಟ್ಟದ ಮೇಲೆ ಮಾಡಲಾರದು.

ಆದರೆ ಮಳೆಗಾಲದ ಆಪತ್ತಿನಲ್ಲಿ ನಾವು ಕರೆಯುವುದು ದೂರದೇಶವನ್ನಲ್ಲ, ಬೆಂಗಳೂರನ್ನೋ ಮೈಸೂರನ್ನೋ. ಅಷ್ಟು ಸಮೀಪಕ್ಕೆ ನೆಟ್ಟ ಏರಿಯಲ್ ಸರಿಯಾದದ್ದಲ್ಲ ಎಂಬುದು ನಮ್ಮ ಅಭಿಪ್ರಾಯ. ನಡುವೆ ಕತ್ತರಿಸಿ ಕೇಬಲ್ ಜೋಡಿಸಿದ 20 ಮೀಟರ್ ತಂತಿಯನ್ನು ಎರಡು ಸಿಲ್ವರ್ ಓಕ್ ಮರಗಳ ನಡುವೆ 6ರಿಂದ 8 ಮೀಟರ್ ಎತ್ತರದಲ್ಲಿ ಅಡ್ಡಲಾಗಿ ಕಟ್ಟಿದರೆ, ಅಲೆ ಮೇಲಕ್ಕೆ ಹೋಗಿ ಕೆಲವು ನೂರು ಕಿಲೋಮೀಟರ್ ಸುತ್ತಳತೆಯಲ್ಲಿ ಇಳಿಯುತ್ತದೆ. ಹಗಲಿನಲ್ಲಿ 7 ಮೆಗಾಹರ್ಟ್ಸ್ ಇದಕ್ಕೆ ಸಾಮಾನ್ಯವಾಗಿ ಒದಗುತ್ತದೆ, ಗುಡ್ಡ ಅಡ್ಡ ಬರುವುದಿಲ್ಲ, ನೆಲದ ತಂತಿಯ ಗೊಡವೆಯಿಲ್ಲ. ಗಾಳಿಗೆ ಮರ ತೂಗಿದಾಗ ತಂತಿ ಹರಿಯದಂತೆ ಒಂದು ತುದಿಯ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ, ಅದಕ್ಕೊಂದು ಕಲ್ಲು ಕಟ್ಟಿ ತೂಗುಬಿಡಬೇಕು.