ಶರ್ಯತ್ತಿಗೊಂದು ನ್ಯಾಯದ ಲೆಕ್ಕ

ಜಾತ್ರೆಯ ಸೈಕಲ್ ಶರ್ಯತ್ತಿನಲ್ಲಿ ಮೂವರು ಗೆಲ್ಲುತ್ತಾರೆ, ಉಳಿದವರು ಧೂಳು ಕೊಡವಿಕೊಂಡು ಮನೆಗೆ ಹೋಗುತ್ತಾರೆ. ಚಳಿಗಾಲವಿಡೀ ಊರೆಲ್ಲ ಸೈಕಲ್ ಹೊಡೆಯುವಂಥ ಸ್ನೇಹದ ಸ್ಪರ್ಧೆ ಬೇಕೆಂದರೆ ಅಂಕ ಎಣಿಸುವ ಬಗೆಯೇ ಬೇರೆಯಾಗಬೇಕು.

ಹಿಂಗಾರಿ ಜೋಳ ತೆನೆ ಹಿಡಿಯುವ ಹೊತ್ತಿಗೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಜಾತ್ರೆಗಳು ಒಂದರ ಹಿಂದೊಂದು ಬರುತ್ತವೆ. ಕರಪತ್ರದಲ್ಲಿ ದೇವರ ಹೆಸರಿನ ಕೆಳಗೆ ಶರ್ಯತ್ತುಗಳ ಪಟ್ಟಿ ಇರುತ್ತದೆ: ಜೋಡೆತ್ತಿನ ಗಾಡಿ, ಜೋಡು ಕುದುರೆ ಗಾಡಿ, ಸೈಕಲ್, ಓಟ. ಎದುರಿಗೆ ಬಕ್ಷೀಸಿನ ಮೊತ್ತ, ಅದನ್ನು ಕೊಡುವ ದಾನಿಯ ಹೆಸರು. ನಿಯಮ ಒಂದೇ ಸಾಲಿನದು. ಹೇಳಿದ ಜಾಗ ಮುಟ್ಟಿ ತಿರುಗಿ ಬರಬೇಕು, ಮೊದಲು ಬಂದವನಿಗೆ ಮೊದಲ ಬಕ್ಷೀಸು.

ಈ ನಿಯಮದಲ್ಲಿ ಗೊಂದಲಕ್ಕೆ ಜಾಗವಿಲ್ಲ. ವೇಗ ನೋಡಲು ಬಂದವರಿಗೆ ವೇಗ ಸಿಗುತ್ತದೆ. ಆದರೆ ವಿಜಯಪುರದ ಕ್ರೀಡಾ ವಸತಿ ನಿಲಯದಲ್ಲಿ ವರ್ಷಗಟ್ಟಲೆ ಪಳಗಿದ ಹುಡುಗನೊಬ್ಬ ರೇಸಿಂಗ್ ಸೈಕಲ್ ತಂದು ನಿಂತರೆ, ಹಾಲಿನ ಕ್ಯಾನ್ ತೂಗುಹಾಕಿಕೊಂಡು ದಿನಾ ಡೇರಿಗೆ ಹೋಗುವ ಊರ ಹುಡುಗನ ಶರ್ಯತ್ತು ಸೀಟಿ ಊದುವ ಮೊದಲೇ ಮುಗಿದಿರುತ್ತದೆ. ಒಂದು ದಿನದ ಆಟಕ್ಕೆ ಇದು ನಡೆಯುತ್ತದೆ. ಯುವಕ ಸಂಘವೋ ಶಾಲೆಯೋ ನಾಲ್ಕು ವಾರ ನಡೆಯುವ ಗೆಳೆತನದ ಸ್ಪರ್ಧೆ ಇಟ್ಟರೆ ಇದೇ ನಿಯಮ ಮೊದಲ ವಾರದಲ್ಲೇ ಅರ್ಧ ಜನರನ್ನು ಮನೆಗೆ ಕಳಿಸುತ್ತದೆ. ಗೆಲ್ಲುವ ಆಸೆ ಹೋದ ಮೇಲೆ ಚಳಿಯಲ್ಲಿ ಏಳುವವರು ಯಾರು?

ಇಲ್ಲಿಯದೇ ನ್ಯಾಯ

ಸಮಬಲದವರನ್ನು ಸಮಬಲದವರ ಎದುರು ನಿಲ್ಲಿಸುವ ಜಾಣತನ ಈ ನೆಲಕ್ಕೆ ಹೊಸದಲ್ಲ. ಜಾನುವಾರು ಜಾತ್ರೆಯ ಪ್ರದರ್ಶನದಲ್ಲಿ ಹಾಲುಹಲ್ಲಿನ ಹೋರಿಯನ್ನು ಬಾಯಿಗೂಡಿದ ಎತ್ತಿನ ಜೊತೆ ತೂಗುವುದಿಲ್ಲ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು ಎಂದು ಗುಂಪು ಬೇರೆ, ಬಹುಮಾನ ಬೇರೆ. ಕುಸ್ತಿ ಕಣದಲ್ಲಿ ಹಿರಿಯರು ಪೈಲ್ವಾನರ ಮೈಕಟ್ಟು ನೋಡಿ ಜೋಡಿ ಹಚ್ಚುತ್ತಾರೆ. ಜೋಡಿ ಸರಿ ಬೀಳದಿದ್ದರೆ ಗೆದ್ದವನಿಗೂ ಮರ್ಯಾದೆ ಇಲ್ಲ.

ಶಾಲೆಯ ಮೈದಾನದಲ್ಲಿ ಇನ್ನೊಂದು ಪಾಠವಿದೆ. ನಿಧಾನ ಸೈಕಲ್ ಸ್ಪರ್ಧೆಯಲ್ಲಿ ಕಾಲು ನೆಲಕ್ಕೆ ಊರದೆ ಕೊನೆಗೆ ಬಂದವನೇ ಗೆದ್ದವನು. ಅದೇ ಸೈಕಲ್, ಅದೇ ಮಕ್ಕಳು, ನಿಯಮ ಮಾತ್ರ ತಿರುಗುಮುರುಗು; ಗೆಲ್ಲುವವನೂ ಬದಲಾಗುತ್ತಾನೆ. ನಿಯಮ ಬರೆಯುವವರು ಯಾವ ಗುಣಕ್ಕೆ ಬೆಲೆ ಕಟ್ಟುತ್ತಾರೋ ಆ ಗುಣ ಗೆಲ್ಲುತ್ತದೆ.

ಅದೇ ಮೈದಾನದ 5-3-1 ಅಂಕಪದ್ಧತಿಯನ್ನೂ ನೋಡಬೇಕು. ಮೊದಲ ಮೂವರಿಗೆ ಈ ಅಂಕ ಕೊಟ್ಟು, ಕೂಡಿಸಿ ಸಮಗ್ರ ವೀರಾಗ್ರಣಿ ಯಾರೆಂದು ತೀರ್ಮಾನಿಸುತ್ತಾರೆ. ಲೆಕ್ಕ ಸುಲಭ. ಆದರೆ ನಾಲ್ಕನೆಯವನಿಗೂ ನಲವತ್ತನೆಯವನಿಗೂ ಸೊನ್ನೆಯೇ. ಒಲಿಂಪಿಕ್ಸ್‌ನ ಓಮ್ನಿಯಂ ಸೈಕಲ್ ಸ್ಪರ್ಧೆ ಇದನ್ನು ಬೇರೆ ರೀತಿ ನಿಭಾಯಿಸಿದೆ. ಮೊದಲ ಮೂರು ಸುತ್ತುಗಳಲ್ಲಿ ಗೆದ್ದವನಿಗೆ 40, ಎರಡನೆಯವನಿಗೆ 38, ಮೂರನೆಯವನಿಗೆ 36, ಹೀಗೆ ಎರಡೆರಡು ಇಳಿಯುತ್ತಾ ಹೋಗುತ್ತದೆ. ಅಂತರ ಸಣ್ಣದಾದ್ದರಿಂದ ಒಂದು ಸುತ್ತು ಕೆಟ್ಟವನಿಗೂ ಮುಂದಿನದರಲ್ಲಿ ಚೇತರಿಸಿಕೊಳ್ಳುವ ದಾರಿ ಉಳಿದಿರುತ್ತದೆ.

ದೊಡ್ಡವರ ಎಡವಟ್ಟು

ಜಗತ್ತಿನ ಅತಿ ದೊಡ್ಡ ಸೈಕಲ್ ಶರ್ಯತ್ತಿಗೂ ಈ ತಲೆನೋವು ತಪ್ಪಲಿಲ್ಲ. ಟೂರ್ ಡಿ ಫ್ರಾನ್ಸ್ 1903ರಲ್ಲಿ ಶುರುವಾದಾಗ ಒಟ್ಟು ಸಮಯ ಯಾರದು ಕಡಿಮೆಯೋ ಅವರು ಗೆದ್ದರು. ಮರುವರ್ಷ ಮೋಸದ ದೂರುಗಳು ಎಷ್ಟು ಬಂದವೆಂದರೆ ಮೊದಲ ನಾಲ್ಕು ಸ್ಥಾನದವರನ್ನೂ ಅನರ್ಹಗೊಳಿಸಿ, ಐದನೆಯವನಾದ 19 ವರ್ಷದ ಆನ್ರಿ ಕಾರ್ನೆಯನ್ನು ವಿಜೇತನೆಂದು ಸಾರಬೇಕಾಯಿತು. ಸಮಯ ಕದಿಯುವ ಆಸೆಯನ್ನು ಮುರಿಯಲು 1905ರಿಂದ ಸ್ಥಾನಕ್ಕೆ ಅಂಕ ಕೊಡುವ ಪದ್ಧತಿ ತಂದರು. ಕಡಿಮೆ ಅಂಕ ಬಿದ್ದವನಿಗೆ ಗೆಲುವು. ಅದರಲ್ಲೂ ಒಂದು ಹುಳುಕಿತ್ತು. ಗಾಲಿಯ ಅಗಲದಷ್ಟು ಹಿಂದೆ ಬಿದ್ದವನಿಗೂ ಗಂಟೆ ತಡವಾಗಿ ಬಂದವನಿಗೂ ಇರುವ ವ್ಯತ್ಯಾಸ ಅಂಕದಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ. 1913ರಲ್ಲಿ ಮತ್ತೆ ಗಡಿಯಾರಕ್ಕೇ ಮರಳಿದರು. ಅಂಕ ಪೂರ್ತಿ ಹೋಗಲಿಲ್ಲ, 1953ರಲ್ಲಿ ಹಸಿರು ಅಂಗಿಯ ಪ್ರತ್ಯೇಕ ಗೌರವವಾಗಿ ಮರಳಿತು. ಎರಡು ಗುಣಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು ಎಂದು ತಿಳಿಯಲು ಅವರಿಗೆ ಅರ್ಧ ಶತಮಾನ ಬೇಕಾಯಿತು.

ಫ್ರಾನ್ಸಿನಿಂದಲೇ ಬಂದ ಇನ್ನೊಂದು ಪದ್ಧತಿ ಆಡಾಕ್ಸ್. ಭಾರತದಲ್ಲೂ ಇದಕ್ಕೆ ಸವಾರರಿದ್ದಾರೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 600ಕ್ಕೆ 40 ಗಂಟೆ ಕಾಲಾವಕಾಶ. ಒಳಗೆ ಮುಗಿಸಿದವರೆಲ್ಲ ಸಮ. ಮೊದಲನೆಯವರು, ಕೊನೆಯವರು ಎಂಬ ಮಾತೇ ಇಲ್ಲ.

ಮೂವರ ಲೆಕ್ಕ

ನಾಲ್ಕು ವಾರದ ಒಂದು ಸ್ಪರ್ಧೆಯನ್ನೂ ಮೂವರು ಸವಾರರನ್ನೂ ಊಹಿಸಿಕೊಳ್ಳೋಣ. ನಿಪ್ಪಾಣಿಯ ಉದ್ಯೋಗಸ್ಥನ ಹತ್ತಿರ ಗೇರ್ ಸೈಕಲ್ ಇದೆ, ಪ್ರತಿ ಭಾನುವಾರ 100 ಕಿ.ಮೀ. ಹೊಡೆಯುತ್ತಾನೆ. ಅಥಣಿಯ ಅಂಗಡಿಕಾರ 24 ದಿನ ದಿನಕ್ಕೆ 10 ಕಿ.ಮೀ. ತುಳಿಯುತ್ತಾನೆ. ಕಾಗವಾಡ ತಾಲ್ಲೂಕಿನ ಹಳ್ಳಿಯ ಹುಡುಗಿ 24 ದಿನ ಶಾಲೆಗೆ ಹೋಗಿಬರುವುದು ದಿನಕ್ಕೆ 6 ಕಿ.ಮೀ.

ಕಿಲೋಮೀಟರ್ ಮಾತ್ರ ಎಣಿಸಿದರೆ ನಿಪ್ಪಾಣಿಗೆ 400, ಅಥಣಿಗೆ 240, ಕಾಗವಾಡಕ್ಕೆ 144. ಆಟ ಮುಗಿಯಿತು.

ಅಮೆರಿಕದ ವಾಷಿಂಗ್ಟನ್ ನಗರದ ಸುತ್ತಮುತ್ತ ಸೈಕಲ್ ಸವಾರರು ಗಡಗಡ ನಡುಗುವ ಚಳಿಯಲ್ಲಿ ನಡೆಸುವ ಸ್ನೇಹ ಸ್ಪರ್ಧೆಯೊಂದರಲ್ಲಿ ಬೇರೆಯೇ ಲೆಕ್ಕವಿದೆ: ಕನಿಷ್ಠ ಒಂದು ಮೈಲು ತುಳಿದ ದಿನಕ್ಕೆ 10 ಅಂಕ, ಮೇಲೆ ಮೈಲಿಗೊಂದು ಅಂಕ. ಮೈಲನ್ನು ಕಿಲೋಮೀಟರ್ ಮಾಡಿ ಇಲ್ಲಿಗೆ ಹಚ್ಚಿದರೆ ನಿಪ್ಪಾಣಿಗೆ 440, ಅಥಣಿಗೆ 480, ಕಾಗವಾಡಕ್ಕೆ 384. ದಿನಾ ಹೊಡೆದವನು ಮೇಲೆ ಬಂದ, ಹುಡುಗಿಯೂ ಹತ್ತಿರ ಬಂದಳು. ಇನ್ನೂ ಬಿಗಿ ಮಾಡಿ, ದಿನದ ಮೊದಲ 10 ಕಿ.ಮೀ.ಗೆ ಪೂರ್ತಿ ಅಂಕ, ಆಮೇಲೆ ಅರ್ಧ ಎಂದರೆ ನಿಪ್ಪಾಣಿಯವನು 260ಕ್ಕೆ ಇಳಿಯುತ್ತಾನೆ. ಆಗ ಅವನು ಕೇಳುವುದರಲ್ಲೂ ನ್ಯಾಯವಿದೆ: ನಾನೂರು ಕಿಲೋಮೀಟರ್ ತುಳಿದದ್ದು ಎಲ್ಲಿ ಹೋಯಿತು?

ಇನ್ನೊಂದು ತೊಡಕು ಎಲ್ಲ ಲೆಕ್ಕದಲ್ಲೂ ಉಳಿಯುತ್ತದೆ. ಹುಡುಗಿ ಒಂದು ದಿನವೂ ತಪ್ಪಿಸದಿದ್ದರೂ ಅಂಗಡಿಕಾರನನ್ನು ಹಿಂದೆ ಹಾಕಲಾರಳು, ಶಾಲೆ ಇರುವುದೇ ಅಷ್ಟು ದೂರದಲ್ಲಿ. ಅವಳ ಕೈಯಲ್ಲಿರುವುದು ದಿನ ಮಾತ್ರ. ಅದಕ್ಕೇ ಆಡಾಕ್ಸ್ ನೆನಪಾಗಬೇಕು. 28ರಲ್ಲಿ 20 ದಿನ, ದಿನಕ್ಕೆ ಕನಿಷ್ಠ 2 ಕಿ.ಮೀ. ಹೊಡೆದವರಿಗೆಲ್ಲ ಒಂದೇ ಪದಕ ಕೊಡಬೇಕು. ಸವಾರರನ್ನು ತಂಡಗಳಾಗಿ ಹಂಚಿ, ದಿನ-ದೂರ ಕೂಡಿಸಿದ ಅಂಕ ತಂಡದ ಗೆಲುವಿಗೆ ಇರಲಿ. ದೂರದ ಬಕ್ಷೀಸು ಬೇರೆ ಇಡಲಿ. ಅದರಲ್ಲೂ ಗೇರ್ ಇದ್ದದ್ದು, ಇಲ್ಲದ್ದು ಎಂದು ಎರಡು ಗುಂಪು. ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದ ಮೇಲೆ ಹಳ್ಳಿ ಹಳ್ಳಿಗೂ ಬಂದದ್ದು ಗೇರ್ ಇಲ್ಲದ ಸೈಕಲ್ಲೇ.

‘ತನ್ನದೇ ಮೊದಲ ವಾರಕ್ಕಿಂತ ಯಾರು ಹೆಚ್ಚು ಸುಧಾರಿಸಿದರೋ ಅವರಿಗೆ ಅಂಕ’ ಎಂಬ ನಿಯಮ ಕೇಳಲು ಚೆಂದ. ಆದರೆ ಜಾಣರು ಮೊದಲ ವಾರ ಬೇಕಂತಲೇ ಮಲಗಿಬಿಡುತ್ತಾರೆ. ಸೋಮಾರಿತನಕ್ಕೆ ಲಾಭ ಕೊಡುವ ನಿಯಮ ಬೇಡ.

ಏರು, ಮೂಡಗಾಳಿ, ಕಬ್ಬಿನ ಟ್ರ್ಯಾಕ್ಟರ್

ಚಿಕ್ಕೋಡಿಯಿಂದ ಕಾಗವಾಡದವರೆಗಿನ ಈ ಐದು ತಾಲ್ಲೂಕಿನ ನೆಲವೂ ಒಂದೇ ಸಮ ಇಲ್ಲ. ನಿಪ್ಪಾಣಿಯವರಿಗೆ ಹೆದ್ದಾರಿಯಲ್ಲಿ ತವಂದಿ ಘಾಟು, ಚಿಕ್ಕೋಡಿಗೆ ಗುಡ್ಡದ ಏರು. ಕೃಷ್ಣೆಯ ದಂಡೆಯ ಉಗಾರ, ಕುಡಚಿ ಕಡೆಗೆ ರಸ್ತೆ ಚಪ್ಪಟೆ. ಸವಾರ, ಸೈಕಲ್ ಸೇರಿ 80 ಕಿಲೋ ಎಂದುಕೊಂಡರೆ 100 ಮೀಟರ್ ಎತ್ತರ ಏರಲು ಸುಮಾರು 78 ಸಾವಿರ ಜೂಲ್ ಶಕ್ತಿ ಬೇಕು. ಸಾದಾ ಸೈಕಲ್ಲಿನಲ್ಲಿ ಗಂಟೆಗೆ 15 ಕಿ.ಮೀ. ವೇಗದಲ್ಲಿ ಸಮತಟ್ಟಿನ ಒಂದು ಕಿ.ಮೀ.ಗೆ ಬೇಕಾಗುವುದು ಅಂದಾಜು 14 ಸಾವಿರ. ಅಂದರೆ ನೂರು ಮೀಟರ್ ಏರು ಐದಾರು ಕಿಲೋಮೀಟರಿಗೆ ಸಮ. ಚಳಿಗಾಲದ ಮೂಡಗಾಳಿಯದು ಇನ್ನೊಂದು ಪಾಲು: ಅಥಣಿಯಿಂದ ಕಾಗವಾಡಕ್ಕೆ ಹೋಗುವಾಗ ಬೆನ್ನು ತಳ್ಳುತ್ತದೆ, ಬರುವಾಗ ಎದೆಗೆ ಬಡಿಯುತ್ತದೆ.

ಇದನ್ನೆಲ್ಲ ಅಂಕಕ್ಕೆ ಇಳಿಸಹೊರಟರೆ ಮೊಬೈಲ್ ಆ್ಯಪ್ ಬೇಕು, ಅದು ತೋರಿಸುವ ಎತ್ತರವೂ ನೆಚ್ಚುವಂಥದ್ದಲ್ಲ. ಸುಲಭದ ದಾರಿ ತಂಡ ಕಟ್ಟುವ ಬಗೆಯಲ್ಲಿದೆ. ತಂಡಕ್ಕೆ ಐವರು, ತಾಲ್ಲೂಕಿಗೊಬ್ಬರು, ಚೀಟಿ ಎತ್ತಿ ಆಯ್ಕೆ. ಆಗ ಪ್ರತಿ ತಂಡದಲ್ಲೂ ಒಬ್ಬ ಏರು ಹತ್ತುವವನು, ಒಬ್ಬ ದಂಡೆಯವನು ಇರುತ್ತಾನೆ. ನೆಲದ ಹೆಚ್ಚುಕಡಿಮೆ ತಾನಾಗಿಯೇ ಸರಿಹೋಗುತ್ತದೆ. ‘ನಮ್ಮ ತಾಲ್ಲೂಕು, ನಿಮ್ಮ ತಾಲ್ಲೂಕು’ ಎಂಬ ಜಗಳವೂ ಹುಟ್ಟುವುದಿಲ್ಲ.

ಸುರಕ್ಷತೆಯ ಮಾತು ಇದಕ್ಕಿಂತ ಗಟ್ಟಿ. ಇಲ್ಲಿ ಚಳಿಗಾಲವೆಂದರೆ ಕಬ್ಬು ಅರೆಯುವ ಹಂಗಾಮು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ಹಗಲುರಾತ್ರಿ ಕಾರ್ಖಾನೆಯ ದಾರಿ ಹಿಡಿದಿರುತ್ತವೆ, ಹಿಂದೆ ದೀಪ ಇದ್ದರೆ ಪುಣ್ಯ. ಜನವರಿಯಲ್ಲಿ ಸೂರ್ಯ ಏಳುವುದು ಏಳು ಗಂಟೆ ಹೊತ್ತಿಗೆ. ಅಂಕದ ಆಸೆಗೆ ಯಾರೂ ಕತ್ತಲಲ್ಲಿ ರಸ್ತೆಗಿಳಿಯಬಾರದು. ಆದ್ದರಿಂದ ಸೂರ್ಯ ಏಳುವ ಮೊದಲು, ಮುಳುಗಿದ ಮೇಲೆ ತುಳಿದದ್ದಕ್ಕೆ ಅಂಕವಿಲ್ಲ. ವೇಗಕ್ಕೆ ಅಂಕವೇ ಇಲ್ಲ. ದಿನಕ್ಕೆ 100 ಕಿ.ಮೀ. ಮೀರಿದ್ದು ಲೆಕ್ಕಕ್ಕಿಲ್ಲ. ಎತ್ತಿನ ಗಾಡಿ ಓಟಕ್ಕೆ 2014ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿತ್ತು, 2017ರಲ್ಲಿ ರಾಜ್ಯ ಕಾನೂನು ತಿದ್ದಿತು, 2023ರ ಮೇ 18ರಂದು ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅಷ್ಟು ವರ್ಷದ ವಾದದ ತಿರುಳು ಎಳೆಯುವ ಜೀವಕ್ಕೆ ನೋವಾಗಬಾರದು ಎಂಬುದು. ಸೈಕಲ್ ಎಳೆಯುವ ಜೀವ ಸವಾರನೇ.

ಸಾಕ್ಷಿ ಮತ್ತು ತಕರಾರು

ಮೀಟರ್ ಇಲ್ಲದ ಸೈಕಲ್ಲಿನ ದೂರ ಹೇಗೆ ತಿಳಿಯಬೇಕು? ದಿನಾ ಹೋಗುವ ದಾರಿಯನ್ನು ಒಮ್ಮೆ ಅಳೆದರೆ ಸಾಕು. 28 ಇಂಚಿನ ಗಾಲಿ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಉರುಳುತ್ತದೆ, ಕಿಲೋಮೀಟರಿಗೆ ಹೆಚ್ಚುಕಡಿಮೆ 450 ಸುತ್ತು. ರಸ್ತೆಬದಿಯ ಕಿಲೋಮೀಟರ್ ಕಲ್ಲು ಇನ್ನೂ ಸುಲಭ. ಹೋದ ದಿನಕ್ಕೆ ಶಾಲೆಯ ಮೇಷ್ಟ್ರು, ಹಾಲಿನ ಡೇರಿಯವರು ಅಥವಾ ಚಹಾದಂಗಡಿಯವರು ವಹಿಯಲ್ಲಿ ಒಂದು ಸಹಿ ಹಾಕಿದರೆ ಸಾಕ್ಷಿ ಆಯಿತು. ಮೊಬೈಲ್ ಇದ್ದವರು ಅದನ್ನೂ ತೋರಿಸಲಿ, ಇಲ್ಲದವರಿಗೆ ಅಡ್ಡಿಯಾಗದಿರಲಿ.

ತಕರಾರು ಬಂದೇ ಬರುತ್ತದೆ. ‘ಆಡೋಣ ಬಾ, ಕೆಡಿಸೋಣ ಬಾ’ ಆಗಬಾರದೆಂದರೆ ನಿಯಮ ಮೊದಲ ದಿನಕ್ಕೂ ಮೊದಲೇ ಒಂದೇ ಹಾಳೆಯಲ್ಲಿ, ಗಡಿನಾಡಾದ್ದರಿಂದ ಕನ್ನಡ ಮರಾಠಿ ಎರಡರಲ್ಲೂ, ಎಲ್ಲರ ಮುಂದೆ ಓದಿ ಹೇಳಿರಬೇಕು. ಅಂಕ ಸಮವಾದರೆ ಹೆಚ್ಚು ದಿನ ಹೊಡೆದ ತಂಡಕ್ಕೆ. ಅದೂ ಸಮವಾದರೆ ಬಕ್ಷೀಸು ಹಂಚಿಕೆ. ನಡುವೆ ನಿಯಮ ಬದಲಿಸುವಂತಿಲ್ಲ, ತಪ್ಪು ಕಂಡರೆ ಮುಂದಿನ ವರ್ಷಕ್ಕೆ ಬರೆದಿಡಬೇಕು. ಪಂಚರಲ್ಲಿ ರೇಸಿಂಗ್ ಬಲ್ಲವರಷ್ಟೇ ಕೂತರೆ ಸಾಲದು, ಶಾಲೆಗೆ ಸೈಕಲ್ಲಿನಲ್ಲಿ ಹೋಗುವ ಹುಡುಗಿಯೂ ಒಬ್ಬಳಿರಲಿ. ನಿಯಮದ ಬಿಸಿ ಮೊದಲು ತಟ್ಟುವುದು ಅವಳಿಗೆ.

ನಿಯಮ ಸರಿಯಿತ್ತೇ ಎಂದು ತಿಳಿಯಲು ಗೆದ್ದವರ ಅಂಕ ನೋಡಬೇಕಿಲ್ಲ. ಮೊದಲ ದಿನ ಹೆಸರು ಬರೆಸಿದವರಲ್ಲಿ ಎಷ್ಟು ಮಂದಿಯ ಸಹಿ ಇಪ್ಪತ್ತೆಂಟನೇ ದಿನದ ವಹಿಯಲ್ಲೂ ಇದೆ ಎಂದು ಎಣಿಸಬೇಕು. ಹೆಚ್ಚಿನವರು ಇದ್ದರೆ ಲೆಕ್ಕ ನ್ಯಾಯದ್ದು. ಇಲ್ಲದಿದ್ದರೆ ಗೆದ್ದವನ ಕೊರಳಿಗೆ ಹಾರ ಹಾಕಿ, ನಿಯಮವನ್ನು ಹೊಸದಾಗಿ ಬರೆಯಲು ಕೂರಬೇಕು.