ಪೈರಿನ ಹೇನೂ ಬಿಸಿಲಿನ ತಾಪವೂ

ಬಿಸಿಲು ಬಲಿತ ಕೂಡಲೆ ಪೈರಿನ ಹೇನು ತಾನಾಗಿಯೇ ನಾಶವಾಗುವುದೆಂದು ಅನೇಕ ರೈತರು ನಂಬಿರುತ್ತಾರೆ. ಈ ನಂಬಿಕೆ ನಿರಾಧಾರವಾದುದಲ್ಲ. ಆದರೆ ಪೂರ್ಣವಾಗಿ ನಿಜವೂ ಅಲ್ಲ. ಒಂದೇ ಜಾತಿಯ ಹೇನುಗಳಲ್ಲಿ ಕೆಲವು ತಾಪಕ್ಕೆ ಸಿಕ್ಕಿ ಸಂತಾನಹೀನವಾಗುವುವು. ಕೆಲವು ಅದನ್ನು ಸಹಿಸಿಕೊಂಡು ಮತ್ತೆ ವೃದ್ಧಿಹೊಂದುವುವು. ಈ ಭೇದಕ್ಕೆ ಒಂದು ಮುಖ್ಯ ಕಾರಣವು ಬಟಾಣಿಯ ಹೇನಿನಲ್ಲಿ ಸ್ಪಷ್ಟವಾಗಿ ಗೊತ್ತಾಗಿರುತ್ತದೆ.

ಹೇನು ಎಳೆಯ ಚಿಗುರಿನ ರಸವನ್ನು ಹೀರಿ ಬದುಕತಕ್ಕ ಕೀಟ. ಆ ರಸದಲ್ಲಿ ಸಕ್ಕರೆ ಹೇರಳವಾಗಿದ್ದರೂ, ಮೈ ಬೆಳೆಯಲು ಅವಶ್ಯವಾದ ಅಮೈನೊ ಆಮ್ಲಗಳು ಸಾಲವು. ಈ ಕೊರತೆಯನ್ನು ತುಂಬಿಕೊಡುವುದು ಹೇನಿನ ಒಡಲೊಳಗೆ ವಾಸಿಸುವ ಬುಕ್ನೆರ ಎಂಬ ಬ್ಯಾಕ್ಟೀರಿಯ. ಇದು ತಾಯಿಯಿಂದ ಮರಿಗೆ ಬಳುವಳಿಯಾಗಿ ಬರುವುದು. ಹೇನನ್ನು ಬಿಟ್ಟು ಇದು ಬಾಳಲಾರದು. ಇದನ್ನು ಕಳೆದುಕೊಂಡ ಹೇನು ಸರಿಯಾಗಿ ಮರಿಹಾಕಲಾರದು.

ತಾಪವು ಮಿತಿಮೀರಿದಾಗ ಜೀವಕೋಶದಲ್ಲಿರುವ ಪ್ರೋಟೀನುಗಳು, ಬೇಯಿಸಿದ ಮೊಟ್ಟೆಯ ಲೋಳೆಯಂತೆ, ಗಟ್ಟಿಗೊಂಡು ಕೆಡುವುವು. ಇದನ್ನು ತಡೆಯಲು ಬುಕ್ನೆರವು ಒಂದು ರಕ್ಷಕ ಪ್ರೋಟೀನನ್ನು ತಯಾರಿಸುತ್ತದೆ. ಬುಕ್ನೆರದ ಸಮಸ್ತ ವಂಶಗುಣಗಳೂ ಸುಮಾರು 6,40,000 ಅಕ್ಷರಗಳ ಒಂದು ರಾಸಾಯನಿಕ ಬರಹದಲ್ಲಿ ಅಡಗಿವೆಯೆನ್ನಬಹುದು. ಕೆಲವು ಹೇನುಗಳ ಬುಕ್ನೆರದಲ್ಲಿ, ರಕ್ಷಕ ಪ್ರೋಟೀನಿನ ತಯಾರಿಕೆಗೆ ಅಪ್ಪಣೆಕೊಡುವ ಸ್ಥಾನದಲ್ಲಿಯೇ ಒಂದು ಅಕ್ಷರ ಬಿಟ್ಟುಹೋಗಿದೆ. ಇದರಿಂದ ತಾಪ ಬಂದರೂ ಅಪ್ಪಣೆ ಹೊರಡುವುದಿಲ್ಲ.

ಅಮೆರಿಕದ ಅರಿಜೋನ ವಿಶ್ವವಿದ್ಯಾನಿಲಯದಲ್ಲಿ ನ್ಯಾನ್ಸಿ ಮೊರಾನ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು 2007ರಲ್ಲಿ ಪ್ರಕಟಿಸಿದರು. ಎಳೆಯ ಮರಿಗಳನ್ನು 35 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ 4 ಗಂಟೆಗಳ ಕಾಲ ಇಟ್ಟಾಗ, ಅಕ್ಷರಲೋಪವುಳ್ಳವು ಬೆಳೆದ ಮೇಲೆ ಬಹು ಸ್ವಲ್ಪ ಮರಿಗಳನ್ನು ಹಾಕಿದುವು, ಇಲ್ಲವೆ ಒಂದನ್ನೂ ಹಾಕಲಿಲ್ಲ. ಆದರೆ ತಂಪಿನಲ್ಲಿ ಇವೇ ಉಳಿದವುಗಳಿಗಿಂತ ಚೆನ್ನಾಗಿ ವೃದ್ಧಿಯಾದುವು. ದೋಷವೆಂದು ತೋರುವ ಈ ಗುಣವು ವಂಶದಿಂದ ಅಳಿದುಹೋಗದಿರುವುದಕ್ಕೆ ಇದೇ ಕಾರಣವಾಗಿರಬಹುದು. 2015ರಲ್ಲಿ ಒಂದು ಹೇನಿನ ಬುಕ್ನೆರವನ್ನು ತೆಗೆದು ಬೇರೊಂದರದನ್ನು ಸೇರಿಸಿದಾಗ, ತಾಪವನ್ನು ತಾಳುವ ಶಕ್ತಿಯೂ ಅದರೊಡನೆ ಬಂದಿತು.

ನಮ್ಮ ಅವರೆ, ಅಲಸಂದೆ, ನೆಲಗಡಲೆಗಳನ್ನು ಪೀಡಿಸುವ ಕರಿಯ ಹೇನಿನಲ್ಲಿಯೂ ಬುಕ್ನೆರ ಉಂಟು. ಇದು ಗಂಡಿನ ಸಂಪರ್ಕವಿಲ್ಲದೆಯೇ ಮರಿಹಾಕುವುದರಿಂದ, ತಾಪದಲ್ಲಿ ಉಳಿದ ಒಂದೇ ಹೆಣ್ಣಿನಿಂದ ಮತ್ತೆ ಪೈರೆಲ್ಲಾ ಹೇನಾಗಬಹುದು. ಆದುದರಿಂದ ಬಿಸಿಲಿನ ದಿನಗಳಲ್ಲಿ ಹೇನು ಕಡಮೆಯಾಯಿತೆಂದು ರೈತರು ನಿಶ್ಚಿಂತರಾಗಿರತಕ್ಕದ್ದಲ್ಲ. ಬಿಸಿಲು ಇಳಿದ ಮೇಲೆ ಚಿಗುರುಗಳನ್ನೂ ಎಲೆಗಳ ಕೆಳಮೈಯನ್ನೂ ಪರೀಕ್ಷಿಸಿ, ಹೇನು ಕಂಡ ಕುಡಿಗಳನ್ನು ಆರಂಭದಲ್ಲಿಯೇ ಚಿವುಟಿ ನಾಶಮಾಡತಕ್ಕದ್ದು. ಹೇನನ್ನು ತಿನ್ನುವ ಗುಲಗಂಜಿ ಹುಳುಗಳು ಪೈರಿನಲ್ಲಿ ಹೆಚ್ಚಾಗಿದ್ದರೆ ಔಷಧವನ್ನು ಸಿಂಪಡಿಸಲು ಆತುರಪಡಬಾರದು.