ಶಿಕ್ಷೆ: ಅಲ್ಲಿ ಓದು, ಇಲ್ಲಿ ಬೆತ್ತ

ಹಿಂದಿಯವರ 'ಶಿಕ್ಷಾ ಮಂತ್ರಿ'ಯನ್ನು ಹಾಗೆಯೇ ಕನ್ನಡಕ್ಕೆ ತಂದರೆ ಬಂದೀಖಾನೆ ಸಚಿವರೆಂದು ತಿಳಿದಾರು! 2000-01ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಸರ್ವ ಶಿಕ್ಷಾ ಅಭಿಯಾನ' ಕರ್ನಾಟಕದಲ್ಲಿ 'ಸರ್ವ ಶಿಕ್ಷಣ ಅಭಿಯಾನ'ವಾದದ್ದು ಸುಮ್ಮನೆ ಅಲ್ಲ. ಎಲ್ಲರಿಗೂ ಶಿಕ್ಷೆ ಎಂದು ಶಾಲೆಯ ಗೋಡೆಯ ಮೇಲೆ ಬರೆಸುವುದುಂಟೆ?

ಸಂಸ್ಕೃತದ 'ಶಕ್' ಧಾತುವಿಗೆ ಶಕ್ತನಾಗು ಎಂದರ್ಥ. ಅದರ ಇಚ್ಛಾರ್ಥಕ ರೂಪದಿಂದ ಬಂದದ್ದು 'ಶಿಕ್ಷಾ', ಅಂದರೆ ಬಲ್ಲವನಾಗಬೇಕೆಂಬ ಬಯಕೆ. ವೇದಾಂಗಗಳಲ್ಲಿ ಉಚ್ಚಾರಣಾಶಾಸ್ತ್ರಕ್ಕೆ ಇದೇ ಹೆಸರು. ಹಿಂದಿಯ 'ಸೀಖ್‌ನಾ' ಕೂಡ ಇದೇ ಬಳ್ಳಿಯದು. ಹಿಂದಿ, ಬಂಗಾಳಿಗಳಲ್ಲಿ ಪದ ಕಲಿಕೆಯಾಗಿಯೇ ಉಳಿಯಿತು. ಮರಾಠಿ, ತೆಲುಗು, ಮಲಯಾಳಗಳಲ್ಲಿ ಕನ್ನಡದಂತೆ ದಂಡನೆಯಾಯಿತು. ಆದರೂ ನಮ್ಮ 'ಶಿಕ್ಷಕ', 'ಶಿಕ್ಷಣ'ಗಳಲ್ಲಿ ಹಳೆಯ ಅರ್ಥ ಹಾಗೆಯೇ ಇದೆ.

ಕಲಿಕೆ ದಂಡನೆಯಾದದ್ದು ಹೇಗೆ? 'ನಿನಗೆ ಬುದ್ಧಿ ಕಲಿಸ್ತೀನಿ' ಎಂಬ ಗದರಿಕೆಯಲ್ಲೇ ಸುಳಿವಿದೆ. ತಪ್ಪು ತಿದ್ದುವುದೂ ಕಲಿಸುವುದೇ. ತಿದ್ದುವವರ ಕೈಯಲ್ಲಿ ಬೆತ್ತವೂ ಇರುತ್ತಿತ್ತು. ಬಹುಕಾಲ ನಮ್ಮ ಶಾಲೆಗಳಲ್ಲಿ ಎರಡೂ ಅರ್ಥಗಳು ಒಂದೇ ಕೊಠಡಿಯಲ್ಲಿದ್ದವು.

ಅವನ್ನು ಬೇರೆ ಮಾಡಲು ಕಾನೂನೇ ಬೇಕಾಯಿತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಗೆ ಹಿಂದಿಯಲ್ಲಿ 'ಶಿಕ್ಷಾ ಕಾ ಅಧಿಕಾರ್' ಎಂದೇ ಹೆಸರು. ಮಗುವಿಗೆ ದೈಹಿಕ ಶಿಕ್ಷೆ ಕೊಡಕೂಡದು, ಮಾನಸಿಕ ಕಿರುಕುಳವೂ ಸಲ್ಲದು ಎನ್ನುತ್ತದೆ ಅದರ 17ನೇ ಕಲಂ.